ಮಡಚಿದ ಮೂಲೆಯ ಕಾರ್ಡುಗಳು

ಹೋದ ವಾರ ನಮ್ಮ ಯಜಮಾನರು ನಾಡಕಚೇರಿಯಿಂದ ಪಹಣಿ ತರುವಾಗ ಮಳೆಗೆ ಸಿಕ್ಕಿಕೊಂಡರು. ಕಾಗದ ಒದ್ದೆಯಾಗಿ ಮುದುರಿತ್ತು. ನೆಟ್ಟಗಾಗಲಿ ಎಂದು ಅದರ ಮೇಲೊಂದು ಹಳೆಯ ಪಂಚೆ ಹಾಸಿ ಇಸ್ತ್ರಿ ಪೆಟ್ಟಿಗೆ ಇಟ್ಟೆ. ತೇವದ ಕಾಗದಕ್ಕೆ ಬಿಸಿ ತಗಲಿದರೆ ಒಂದು ವಾಸನೆ ಬರುತ್ತದೆ, ಅರ್ಧ ಗೋಂದಿನದು, ಅರ್ಧ ಸೀದದ್ದು. ಅದು ಮೂಗಿಗೆ ಬಿದ್ದದ್ದೇ ತಡ, ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟು ಸುಮ್ಮನೆ ಕುಳಿತುಬಿಟ್ಟೆ. "ಯಾಕೆ, ಸುಟ್ಟೋಯ್ತಾ?" ಎಂದು ಯಜಮಾನರು ಒಳಗಿನಿಂದ ಕೂಗಿದರು. ಪಹಣಿಗೆ ಏನೂ ಆಗಿರಲಿಲ್ಲ. ನಮ್ಮ ಕ್ಲಿನಿಕ್ಕಿಗೆ ಕಂಪ್ಯೂಟರು ಬಂದ ವರ್ಷ ನೆನಪಾಗಿತ್ತು.

ಮಂಚೇನಹಳ್ಳಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಡಾಕ್ಟರಮ್ಮನ ಕ್ಲಿನಿಕ್ಕು. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ, ಬೋರ್ಡಿನಲ್ಲೂ ಬರೆದಿದೆ, ಆದರೆ ಸುತ್ತಲಿನ ಹಳ್ಳಿಗಳಲ್ಲಿ ಯಾರೂ ಆ ಹೆಸರು ಹಿಡಿದು ಕೂಗಿದ್ದನ್ನು ನಾನು ಕೇಳಿಲ್ಲ. ನಾನು ಅಲ್ಲಿ ಕೌಂಟರಿನಲ್ಲಿ ಕುಳಿತು ಹತ್ತೊಂಬತ್ತು ವರ್ಷವಾಗಿತ್ತು. ಬಂದವರನ್ನು ನೋಡಿ ಒಳಗಿನ ರಾಕಿನಿಂದ ಅವರ ಹಳದಿ ಕಾರ್ಡು ತೆಗೆದು ಡಾಕ್ಟರಮ್ಮನ ಮೇಜಿನ ಮೇಲಿಡುವುದು ನನ್ನ ಕೆಲಸ. ಹೆಸರು ಕೇಳುವ ಅಗತ್ಯವೇ ನನಗಿರಲಿಲ್ಲ. ಯಾವ ಊರು, ಯಾವ ಮನೆ, ಯಾರ ಸೊಸೆ, ಯಾರ ತಂಗಿ, ಎಲ್ಲ ತಲೆಯಲ್ಲೇ ಇತ್ತು. ಕೋಳಿ ಕೆದಕಿದ ಹಾಗಿರುತ್ತಿದ್ದ ಡಾಕ್ಟರಮ್ಮನ ಅಕ್ಷರವನ್ನು ಪಕ್ಕದ ಮೆಡಿಕಲ್ ಅಂಗಡಿಯವನು ಓದಲಾರದೆ ನನ್ನ ಹತ್ತಿರ ಓಡಿ ಬರುತ್ತಿದ್ದ. ನನಗೆ ಇದರಿಂದ ಜಂಬ ಇತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ, ಮತ್ತು ಈ ಕಥೆಯಲ್ಲಿ ಸುಳ್ಳು ಈಗಾಗಲೇ ಬೇಕಾದಷ್ಟಿದೆ.

ಆ ವರ್ಷ ಮುಂಗಾರು ಬೇಗ ಹಿಡಿಯಿತು. ಜೋಳ ಬಿತ್ತಿದವರು ಖುಷಿಯಾಗಿದ್ದರು. ನಮ್ಮ ಹಿಂದಿನ ಕೋಣೆಯ ಗೋಡೆ ಮಾತ್ರ ನೀರು ಕುಡಿದು ಗೆದ್ದಲು ಬಂತು. ಒಂದು ಬೆಳಿಗ್ಗೆ ಕೆಳಗಿನ ರಾಕಿಗೆ ಕೈ ಹಾಕಿದರೆ ಎರಡು ಊರಿನ ಕಾರ್ಡುಗಳು ಪುಡಿ ಪುಡಿಯಾಗಿ ಕೈಗೆ ಬಂದವು. ಡಾಕ್ಟರಮ್ಮ ಆ ಮಣ್ಣನ್ನು ನೋಡುತ್ತ ನಿಂತರು. ಅವರಿಗೆ ಆಗಲೇ ಅರವತ್ತೆಂಟು, ಒಂದು ಕಣ್ಣಿಗೆ ಆಪರೇಷನ್ ಆಗಿತ್ತು. "ಇನ್ನು ಇದೆಲ್ಲ ಕಂಪ್ಯೂಟರಿಗೆ ಹೋಗ್ಲಿ ಸರೋಜಾ. ಬೆಂಗಳೂರಿಗೆ ಕಳಿಸಿದ ಪೇಷಂಟ್‌ಗಳನ್ನೂ ಅಲ್ಲಿ ಹಳೇ ರೆಕಾರ್ಡ್ ಕೇಳ್ತಾರಂತೆ. ನಾನು ಕಣ್ಣು ಮುಚ್ಕೊಂಡ್ರೆ ನನ್ನ ಅಕ್ಷರ ಓದೋರು ನೀನೊಬ್ಬಳೇ," ಎಂದರು. ಹೊಗಳಿದರೋ ಬೈದರೋ ತಿಳಿಯಲಿಲ್ಲ. ನನ್ನ ಚಿಂತೆ ಬೇರೆಯಿತ್ತು. ಎಲ್ಲ ಆ ಪೆಟ್ಟಿಗೆಯೊಳಗೆ ಹೋದ ಮೇಲೆ ನನಗೇನು ಕೆಲಸ?

ಆಷಾಢದಲ್ಲಿ ಚಿಕ್ಕಬಳ್ಳಾಪುರದಿಂದ ಕಿರಣ್ ಎಂಬ ಸಾಫ್ಟ್‌ವೇರಿನವನು ಬಂದು ಕಂಪ್ಯೂಟರು ಕೂರಿಸಿದ. ಎರಡು ದಿನ ಹೇಳಿಕೊಟ್ಟ. ಕಾರ್ಡಿನ ಎರಡೂ ಬದಿ ಸ್ಕ್ಯಾನ್ ಮಾಡಬೇಕು, ಆಮೇಲೆ ಹೆಸರು, ವಯಸ್ಸು, ಕಾಯಿಲೆ, ಮಾತ್ರೆ, ಮುಂದೆ ಬರಬೇಕಾದ ದಿನ ಎಲ್ಲ ಟೈಪ್ ಮಾಡಬೇಕು. ಪ್ರತಿಯೊಬ್ಬರಿಗೂ ಒಂದು ಫೋನ್ ನಂಬರು ಕಡ್ಡಾಯ. "ಅಕ್ಕಾ, ಒಂದೇ ಮನುಷ್ಯಂಗೆ ಎರಡು ರೆಕಾರ್ಡ್ ಇರಬಾರ್ದು. ಇದ್ರೆ ಸೇರಿಸ್ಬಿಡಿ. ಇದಕ್ಕೆ ಯಾರು ಯಾರು ಅಂತ ಗೊತ್ತಾಗಲ್ಲ, ನಿಮಗೆ ಗೊತ್ತಲ್ಲ," ಎಂದ. ಆ ಕೊನೆಯ ಮಾತು ನನಗೆ ಬಹಳ ಹಿಡಿಸಿತು. ಕಂಪ್ಯೂಟರಿಗೂ ನಾನು ಬೇಕು ಎಂದಾಯಿತಲ್ಲ.

ಎಸ್ಸೆಲ್ಸಿ ಪಾಸಾದ ಮೇಲೆ ಅಷ್ಟು ಶ್ರದ್ಧೆಯಿಂದ ನಾನು ಏನನ್ನೂ ಕಲಿತಿರಲಿಲ್ಲ. ಬೆಳಿಗ್ಗೆ ಬೇಗ ಹೋಗಿ ಟೈಪ್ ಮಾಡುತ್ತಿದ್ದೆ, ಪೇಷಂಟ್‌ಗಳ ನಡುವೆ ಸಮಯ ಸಿಕ್ಕರೂ ಟೈಪ್ ಮಾಡುತ್ತಿದ್ದೆ. ಮಳೆಗಾಲದ ತೇವಕ್ಕೆ ಕಾರ್ಡುಗಳೆಲ್ಲ ಹಪ್ಪಳದಂತೆ ಡೊಂಕಾಗಿದ್ದವು, ಸ್ಕ್ಯಾನರಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಅದರ ಜೊತೆಗೆ ಇನ್ನೊಂದು ಕಾಟ. ಕೆಲವು ಕಾರ್ಡುಗಳ ಮೇಲಿನ ಬಲ ಮೂಲೆ ಹೆಬ್ಬೆರಳಿನ ಉಗುರಿನಷ್ಟು ಮಡಚಿರುತ್ತಿತ್ತು. ಪೇಷಂಟ್ ಮಾತಾಡುವಾಗ ಯೋಚಿಸುತ್ತ ಕಾಗದ ಮಡಚುವುದು ಡಾಕ್ಟರಮ್ಮನ ಚಾಳಿ ಎಂದು ನಾನು ಎಷ್ಟೋ ವರ್ಷಗಳಿಂದ ಅಂದುಕೊಂಡಿದ್ದೆ. ನನಗೋ ಒಂದು ಕಾಗದ ಸೊಟ್ಟಗಿದ್ದರೂ ಕೈ ಕೆರೆಯುತ್ತದೆ. ಮನೆಯಿಂದ ಇಸ್ತ್ರಿ ಪೆಟ್ಟಿಗೆ ತಂದು, ಮಡಚಿದ್ದ ಮೂಲೆಗಳನ್ನೆಲ್ಲ ಬಿಡಿಸಿ, ಮೇಲೆ ಬಟ್ಟೆ ಹಾಸಿ ಒಂದೊಂದನ್ನೇ ತೀಡಿದೆ. ಇಡೀ ಕ್ಲಿನಿಕ್ಕು ಆ ಸೀದ ವಾಸನೆಯಿಂದ ತುಂಬಿರುತ್ತಿತ್ತು. "ಸರೋಜಕ್ಕ, ಕಾರ್ಡಿಗೂ ಮದುವೆ ಬಟ್ಟೆ ಹಾಕಿಸ್ತೀಯಾ?" ಎಂದು ಕೆಮ್ಮಿಗೆ ಬಂದ ಮುದುಕರು ಹಾಸ್ಯ ಮಾಡುತ್ತಿದ್ದರು. ಡಾಕ್ಟರಮ್ಮ ಒಳಗೆ ರೋಗಿಗಳ ಜೊತೆ ಇರುತ್ತಿದ್ದರು. ಸ್ಕ್ಯಾನ್ ಆದ ಕಾರ್ಡನ್ನು ಅವರು ಮತ್ತೆ ನೋಡುವ ಪ್ರಮೇಯವೇ ಇರಲಿಲ್ಲ.

ಇಲ್ಲಿ ರತ್ನನ ವಿಷಯ ಹೇಳಬೇಕು. ಅವಳ ತವರು ಆಂಧ್ರದ ಗಡಿ ಕಡೆಯ ಒಂದು ಹಳ್ಳಿ. ಹದಿನಾಲ್ಕನೇ ವಯಸ್ಸಿನಲ್ಲಿ ಸ್ಕೂಲಿನಲ್ಲಿ ಫಿಟ್ಸ್ ಬಂದು ಬಿದ್ದಿದ್ದಳು. ಆಗಿನಿಂದ ಡಾಕ್ಟರಮ್ಮನೇ ನೋಡುತ್ತಿದ್ದರು, ಬೆಂಗಳೂರಿನ ದೊಡ್ಡ ಡಾಕ್ಟರನ್ನು ಕೇಳಿ ಮಾತ್ರೆ ಕೊಡುತ್ತಿದ್ದರು. ಆ ಮುಂಗಾರಿಗೆ ಮುಂಚಿನ ಫಾಲ್ಗುಣದಲ್ಲಿ ಅವಳಿಗೆ ಮದುವೆಯಾಗಿತ್ತು. ಗಂಡ ಮಂಜುನಾಥ ನಮ್ಮ ಊರಿಗೆ ಎರಡು ಮೈಲಿ ದೂರದ ಹಳ್ಳಿಯವನು, ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಕೆಲಸ. ಮನೆಯಲ್ಲಿ ದ್ರಾಕ್ಷಿ ತೋಟ, ನಾಲ್ಕು ಹಸು, ಊರಿನಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥ ಅಪ್ಪ ಅಶ್ವತ್ಥಪ್ಪ. ಆ ಮನೆಯವರೂ ಮೂರು ತಲೆಯಿಂದ ಡಾಕ್ಟರಮ್ಮನ ಪೇಷಂಟ್‌ಗಳೇ. ಮದುವೆಯಾದ ಮೇಲೂ ರತ್ನನ ಮಾತ್ರೆಗೆ ಪ್ರತಿ ತಿಂಗಳು ಬರುತ್ತಿದ್ದವರು ಅವಳ ತಾಯಿ ನಾರಾಯಣಮ್ಮ. ಮಗಳ ಮದ್ದನ್ನು ತವರಿನವರು ನೋಡಿಕೊಳ್ಳುತ್ತಿದ್ದಾರೆ, ಒಳ್ಳೆಯ ಜನ ಎಂದುಕೊಂಡೆನೇ ಹೊರತು ಯಾಕೆ ಹೀಗೆ ಎಂದು ನನಗೆ ಹೊಳೆಯಲಿಲ್ಲ. ಊರಿನವರ ಸಂಬಂಧವನ್ನೆಲ್ಲ ಬಾಯಿಪಾಠ ಹೇಳುವವಳಿಗೆ ಇಷ್ಟು ಹೊಳೆಯಲಿಲ್ಲ.

ಗೌರಿ ಹಬ್ಬ ಕಳೆದು ವಾರವಾಗಿತ್ತು, ರತ್ನ ಅತ್ತೆಯ ಜೊತೆ ಬಂದಳು. ವಾಂತಿ, ಸುಸ್ತು. ತಿಂಗಳು ನಿಂತಿತ್ತು. ಅತ್ತೆಯ ಮುಖದಲ್ಲಿ ಸಂಭ್ರಮ. ನಾನು ಫೋನ್ ನಂಬರು ಕೇಳಿದೆ. ರತ್ನ ಬಾಯಿ ತೆರೆಯುವ ಮೊದಲೇ ಅತ್ತೆ, "ನಮ್ಮುಡ್ಗನ ನಂಬರ್ ಬರ್ಕಳಮ್ಮ," ಎಂದರು. ನಮ್ಮ ಕಡೆ ಹೆಂಗಸರಿಗೆ ಯಾರೇ ನಂಬರು ಕೇಳಲಿ, ಬರುವುದು ಮನೆಯ ಗಂಡಸಿನ ನಂಬರೇ. ಕೈಯಲ್ಲಿ ಸ್ವಂತ ಫೋನು ಹಿಡಿದವರೂ ಗಂಡನದನ್ನೇ ಹೇಳುತ್ತಾರೆ. ನಾನೂ ಎಲ್ಲ ಕಡೆ ನಮ್ಮ ಯಜಮಾನರದನ್ನೇ ಬರೆಸುತ್ತಿದ್ದೆ. ಮಂಜುನಾಥನ ನಂಬರು ಹಾಕಿ ಹೊಸ ರೆಕಾರ್ಡು ಮಾಡಿದೆ. ಒಳಗಿನಿಂದ ಡಾಕ್ಟರಮ್ಮ ಗಂಡನ ಮನೆಯ ಹೆಸರಿನಲ್ಲಿ ಒಂದು ಹೊಸ ಕಾರ್ಡೂ ಬರೆದು ಕಳಿಸಿದರು. ಬಸಿರಿನ ವಿಷಯ ಮಾತ್ರ ಇತ್ತು ಅದರಲ್ಲಿ.

ಎರಡು ದಿನದ ಮೇಲೆ ತವರಿನ ಊರಿನ ಕಾರ್ಡುಗಳ ಸರದಿ ಬಂತು. ರತ್ನನ ಹಳೆಯ ಕಾರ್ಡು ಕೈಗೆ ಸಿಕ್ಕಿತು. ಮೂಲೆ ಮಡಚಿತ್ತು. ಬಿಡಿಸಿ, ತೀಡಿ, ಸ್ಕ್ಯಾನ್ ಮಾಡಿ, ಎಂಟು ವರ್ಷದ ಬರಹವನ್ನು ಗಡಿಬಿಡಿಯಲ್ಲಿ ಟೈಪ್ ಮಾಡಿದೆ. ಡಾಕ್ಟರಮ್ಮ ಪಾಪ ಮರೆತು ಎರಡು ಕಾರ್ಡು ಮಾಡಿದ್ದಾರೆ ಎಂದು ನಗು ಬಂತು. ಆ ರತ್ನನೂ ಈ ರತ್ನನೂ ಒಬ್ಬಳೇ ಎಂದು ಮಂಚೇನಹಳ್ಳಿಯಲ್ಲಿ ನನ್ನನ್ನು ಬಿಟ್ಟರೆ ಯಾವ ಯಂತ್ರ ತಾನೇ ಹೇಳೀತು? ಎರಡನ್ನೂ ಸೇರಿಸಿದೆ.

ಆಯುಧಪೂಜೆಯ ದಿನ ಕಂಪ್ಯೂಟರಿಗೂ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಕುಂಬಳಕಾಯಿ ಒಡೆದೆವು. ಕಿರಣನೂ ಬಂದಿದ್ದ. ಮಾತ್ರೆ ಮುಗಿಯುವ ವಾರ ಪೇಷಂಟ್‌ಗಳಿಗೆ ತಾನಾಗಿಯೇ ಮೆಸೇಜ್ ಹೋಗುವ ವ್ಯವಸ್ಥೆ ಇದೆ ಎಂದು ತೋರಿಸಿದ. ಬಿಪಿ, ಶುಗರ್ ಇರುವವರು ಮರೆತು ಮಾತ್ರೆ ಬಿಡುತ್ತಾರೆ, ಅವರಿಗೆ ಒಳ್ಳೆಯದು ಎಂದು ಡಾಕ್ಟರಮ್ಮ ಒಪ್ಪಿದರು. ಅವರು ಒಳಗೆ ಹೋದ ಮೇಲೆ ಕಿರಣ್ ಕೇಳಿದ, "ಅಕ್ಕಾ, ಶುಗರ್ ಬಿಪಿಗೆ ಮಾತ್ರನಾ, ಎಲ್ರಿಗೂ ಆನ್ ಮಾಡ್ಲಾ?"

"ಎಲ್ರಿಗೂ ಮಾಡಪ್ಪ," ಎಂದೆ. "ಕೆಲವ್ರಿಗೆ ಮಾಡಿ ಕೆಲವ್ರನ್ನ ಬಿಟ್ರೆ ನನ್ ಜೊತೆ ಜಗಳಕ್ಕೆ ಬರ್ತಾರೆ."

ಹತ್ತು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಮುದುಕರು ಮೊಮ್ಮಕ್ಕಳ ಕೈಲಿ ಮೆಸೇಜ್ ಓದಿಸಿಕೊಂಡು ನಗುತ್ತ ಬರುತ್ತಿದ್ದರು. ಅಲೀಪುರದ ಒಬ್ಬ ಹಿರಿಯರು, "ನನ್ ಮಗ ಕೂಡ ಇಷ್ಟು ನೆನಪಿಡಲ್ಲಮ್ಮ," ಎಂದು ಸೇಬು ಕೊಟ್ಟು ಹೋದರು.

ಆಮೇಲೆ ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಮಂಜುನಾಥ ಬಂದ. ಫ್ಯಾಕ್ಟರಿಯ ನೀಲಿ ಶರ್ಟು, ಎರಡನೇ ಶಿಫ್ಟು ಇದ್ದಿರಬೇಕು. ಫೋನನ್ನು ನನ್ನ ಮುಖದ ಮುಂದೆ ಹಿಡಿದ. "ರತ್ನ ಅವರೇ, ನಿಮ್ಮ ಫಿಟ್ಸ್ ಕಾಯಿಲೆಯ ಮಾತ್ರೆ ಈ ವಾರ ಮುಗಿಯುತ್ತದೆ. ದಯವಿಟ್ಟು ಕ್ಲಿನಿಕ್ಕಿಗೆ ಬನ್ನಿ."

"ಸರೋಜಕ್ಕ, ಏನಿದು? ನಮ್ ರತ್ನಂಗೆ ಫಿಟ್ಸಾ?"

ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಗಾಬರಿ ಇತ್ತು. ಒಂದೇ ಕ್ಷಣದಲ್ಲಿ ನನಗೆ ಎಲ್ಲ ಅರ್ಥವಾಯಿತು. ತಾಯಿ ಯಾಕೆ ಮಾತ್ರೆಗೆ ಬರುತ್ತಿದ್ದರು, ಕಾರ್ಡು ಯಾಕೆ ಎರಡಿದ್ದವು, ಎಲ್ಲ. ಆ ಹುಡುಗಿಯ ಸಂಸಾರ ನನ್ನ ನಾಲಿಗೆಯ ತುದಿಯಲ್ಲಿ ನಿಂತಿತ್ತು, ಮತ್ತು ನನ್ನ ನಾಲಿಗೆ ಎಂದೂ ನಿಧಾನಿಸಿದ್ದಿಲ್ಲ.

"ಅಯ್ಯೋ, ಅದು ಬೇರೆ ರತ್ನ ಕಣಪ್ಪಾ!" ಎಂದೆ. "ನಿನ್ ನಂಬರ್ ಅಲ್ಲಿ ಸೇರ್ಕೊಂಡ್ಬಿಟ್ಟಿದೆ. ಈ ಹಾಳು ಕಂಪ್ಯೂಟ್ರು ನೋಡು. ಸರಿ ಮಾಡ್ತೀನಿ, ಹೋಗು."

ಅವನು ಕೌಂಟರಿಗೆ ಒರಗಿಕೊಂಡು ನಕ್ಕ. "ಒಂಬತ್ತು ಗಂಟೆಗೆ ಬಂತಕ್ಕ ಇದು, ನೇರ ಇಲ್ಲಿಗೇ ಬಂದೆ. ಮನೇಲಿ ಯಾರ್ಗೂ ತೋರ್ಸಿಲ್ಲ," ಎಂದ. ಒಂದು ಲೋಟ ನೀರು ಕೇಳಿ ಕುಡಿದು ಹೋದ.

ನಾನು ಒಳಗೆ ಓಡಿದೆ. ಡಾಕ್ಟರಮ್ಮ ಎಲ್ಲ ಕೇಳಿ, ರತ್ನನ ಹಳೆಯ ಕಾರ್ಡು ತರಲು ಹೇಳಿದರು. ತಂದುಕೊಟ್ಟೆ. ಕಾರ್ಡು ನೋಡಿದವರು ಮೂಲೆಯ ಮೇಲೆ ಬೆರಳಾಡಿಸಿದರು.

"ಈ ಮೂಲೆ ಯಾರು ಬಿಡಿಸಿದ್ದು?"

"ನಾನೇ. ಸ್ಕ್ಯಾನಿಗೆ ಕೂರ್ತಿರ್ಲಿಲ್ಲ."

"ಎಲ್ಲಾ ಬಿಡಿಸಿದ್ಯಾ?"

"ಎಲ್ಲಾ. ಇಸ್ತ್ರಿ ಹಾಕ್ದೆ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೂಲೆ ಮಡಚಿದ್ದು ಚಾಳಿಯಲ್ಲ, ಗುರುತು. ಈ ಕಾರ್ಡಿನ ವಿಷಯ ಮನೆಯವರ ಮುಂದೆ ಆಡಬಾರದು ಎಂದು ಅದರರ್ಥ. ಯಾರಿಗೋ ಮದುವೆಗೆ ಮುಂಚೆ ಟಿಬಿ ಆಗಿ ವಾಸಿಯಾಗಿತ್ತು, ಯಾರೋ ಗಂಡನಿಗೆ ಹೇಳದೆ ಮಕ್ಕಳು ಸಾಕೆಂದು ವ್ಯವಸ್ಥೆ ಮಾಡಿಕೊಂಡಿದ್ದರು, ಯಾವುದೋ ಮನೆಯ ಯಜಮಾನ ಮನಸ್ಸಿನ ಕಾಯಿಲೆಗೆ ಮಾತ್ರೆ ತಿನ್ನುತ್ತಿದ್ದ. ಮೂವತ್ತು ವರ್ಷದಿಂದ ಊರೂರಿನ ಗುಟ್ಟುಗಳು ಆ ಉಗುರಗಲದ ಮಡಿಕೆಯಲ್ಲಿ ಕುಳಿತಿದ್ದವು.

"ನಂಗೆ ಒಂದು ಮಾತು ಯಾಕೆ ಹೇಳ್ಲಿಲ್ಲ ಡಾಕ್ಟ್ರಮ್ಮ? ಹತ್ತೊಂಬತ್ತು ವರ್ಷ!"

ಅವರು ನನ್ನ ಮುಖ ನೋಡಲಿಲ್ಲ. "ನಿನ್ನ ಕೈ ಚೊಕ್ಕ ಸರೋಜಾ. ನಿನ್ನ ಬಾಯಿಗೆ ಹೆದರಿ ಹೇಳ್ಲಿಲ್ಲ."

ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಅವರು ಹೇಳಿದ್ದು ಸುಳ್ಳಾಗಿದ್ದರೆ ಜಗಳವಾಡಿ ಕೆಲಸ ಬಿಟ್ಟು ಹೋಗುತ್ತಿದ್ದೆ. ನಿಜವಾಗಿತ್ತು, ಅದಕ್ಕೇ ನೋವಾಯಿತು. ಕಾರ್ಡಿನ ಒಳಗಿನ ವಿಷಯ ನಾನು ಯಾರಿಗೂ ಆಡಿದವಳಲ್ಲ. ಆದರೆ ಯಾರು ಬಂದರು, ಯಾರ ಜೊತೆ ಬಂದರು, ಮುಖ ಹೇಗಿತ್ತು ಎಂಬುದೆಲ್ಲ ಬಸ್ ಸ್ಟ್ಯಾಂಡಿನ ಹೂವಿನವಳವರೆಗೂ ನನ್ನಿಂದ ಹೋಗುತ್ತಿದ್ದದ್ದು ಹೌದು. ಮುಖ ತೊಳೆದುಕೊಂಡು ವಾಪಸು ಬಂದೆ. ಕಿರಣನಿಗೆ ಫೋನ್ ಮಾಡಿ ಮೆಸೇಜುಗಳನ್ನೆಲ್ಲ ನಿಲ್ಲಿಸಿದೆವು. ಆ ಮಧ್ಯಾಹ್ನ ನಾನೂ ಡಾಕ್ಟರಮ್ಮನೂ ಊಟ ಬಿಟ್ಟು ಕಾರ್ಡುಗಳನ್ನೆಲ್ಲ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಎಷ್ಟು ತೀಡಿದ್ದರೂ ಮಡಿಕೆಯ ಗೆರೆ ಕಾಗದದಿಂದ ಹೋಗಿರಲಿಲ್ಲ. ಗೆರೆ ಇದ್ದವನ್ನು ಬೇರೆ ಇಟ್ಟು, ಅವುಗಳ ನಂಬರು ಅಳಿಸಿದೆ. ರತ್ನನ ಎರಡು ರೆಕಾರ್ಡನ್ನು ಬೇರೆ ಮಾಡಿದೆ. ಮಂಜುನಾಥನಿಗೆ ನಾನು ಹೇಳಿದ ಸುಳ್ಳನ್ನು ಕೇಳಿ ಡಾಕ್ಟರಮ್ಮ, "ಸದ್ಯ, ಹಾಗಂದ್ಯಲ್ಲ," ಎಂದರು. ಇಬ್ಬರಿಗೂ ಗಂಡಾಂತರ ತಪ್ಪಿತು ಅನ್ನಿಸಿತ್ತು.

ತಪ್ಪಿರಲಿಲ್ಲ. ಏಳು ದಿನದ ಮೇಲೆ, ದೀಪಾವಳಿ ಇನ್ನೇನು ಬಂತು ಎನ್ನುವಾಗ, ಹಾಲಿನ ಟೆಂಪೋದಲ್ಲಿ ರತ್ನನನ್ನು ಮಲಗಿಸಿಕೊಂಡು ಬಂದರು. ಹಿತ್ತಲಿನಲ್ಲಿ ಬಟ್ಟೆ ಒಗೆಯುವಾಗ ಬಿದ್ದಿದ್ದಳು. ಕಲ್ಲಿಗೆ ತಗಲಿ ಹುಬ್ಬು ಒಡೆದಿತ್ತು, ನಾಲಿಗೆ ಕಚ್ಚಿಕೊಂಡು ಸೀರೆಯೆಲ್ಲ ರಕ್ತ. ದಾರಿಯಲ್ಲಿ ಇನ್ನೊಂದು ಸಲ ಬಂದಿತ್ತಂತೆ. ಮಂಜುನಾಥ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ, ನನ್ನನ್ನು ನೋಡಿದ. ಆ ನೋಟ ಇವತ್ತಿಗೂ ನನಗೆ ತಡೆಯಲಾಗುವುದಿಲ್ಲ. ಡಾಕ್ಟರಮ್ಮ ಇಂಜೆಕ್ಷನ್ ಕೊಟ್ಟರು, ಅವಳು ಸ್ವಲ್ಪ ತಹಬಂದಿಗೆ ಬಂದ ಮೇಲೆ ತಾವೇ ಟೆಂಪೋ ಹತ್ತಿ ಗೌರಿಬಿದನೂರಿಗೆ ಕರೆದುಕೊಂಡು ಹೋದರು. ಸ್ಕ್ಯಾನ್ ಮಾಡಿಸಿದರೆ ಮಗು ಚೆನ್ನಾಗಿತ್ತು. ಆ ಸುದ್ದಿ ಫೋನಿನಲ್ಲಿ ಬಂದಾಗ ನಾನು ದೇವರ ಪಟದ ಮುಂದೆ ನಿಂತು ಏನೇನು ಹರಕೆ ಹೊತ್ತೆನೋ ನನಗೇ ನೆನಪಿಲ್ಲ.

ಮಾರನೆಯ ದಿನ ಆಸ್ಪತ್ರೆಗೆ ಹೋಗಿ ನೋಡಿದೆ. ಅವಳ ನಾಲಿಗೆ ಊದಿತ್ತು, ಮಾತು ತೊದಲುತ್ತಿತ್ತು. "ಅವ್ರು ಅವತ್ತು ಮನೆಗೆ ಬಂದು ನಗ್ತಾ ನಗ್ತಾ ಹೇಳಿದ್ರು ಅಕ್ಕ, ನಿನ್ ಹೆಸರಲ್ಲಿ ಫಿಟ್ಸ್ ಅಂತ ಮೆಸೇಜ್ ಬಂದಿತ್ತು ಕಣೇ, ಎದೆನೇ ಒಡೆದೋಗಿತ್ತು ಅಂತ. ಎದೆ ಒಡೆದೋಗಿತ್ತು ಅಂದ್ರಲ್ಲ. ನಂಗೆ ಭಯ ಆಯ್ತು. ಇನ್ ಸಿಕ್ಕಾಕ್ಕೊಂಡ್ರೆ ಅಂತ ಇದ್ದ ಮಾತ್ರೆನೆಲ್ಲ ತಿಪ್ಪೆಗೆ ಹಾಕ್ದೆ." ನಾನು ಅವಳ ಕೈ ಹಿಡಿದುಕೊಂಡು ಕುಳಿತೆ. ತಪ್ಪಾಯಿತು ಎನ್ನಬೇಕಿತ್ತು. ಬೇಡದಿದ್ದಾಗ ಓಡುವ ಬಾಯಿ ಬೇಕಾದಾಗ ಕೈಕೊಟ್ಟಿತು.

ಆಸ್ಪತ್ರೆಯಿಂದ ಅವಳು ತವರಿಗೆ ಹೋದಳು. ಹೋದಳು ಎನ್ನುವುದಕ್ಕಿಂತ ಕಳಿಸಿದರು. ಮುಚ್ಚಿಟ್ಟು ಮದುವೆ ಮಾಡಿದ್ದಾರೆ, ಇದು ಮೋಸ, ಸಂಬಂಧ ಮುರಿಯಬೇಕು ಎಂದು ಅಶ್ವತ್ಥಪ್ಪನವರ ಕಡೆ ಮಾತು ಎದ್ದಿತ್ತು. ಕೊನೆಗೆ ಅವರೇ ಒಂದು ಷರತ್ತು ಹಾಕಿದರು. ಡಾಕ್ಟರಮ್ಮನ ಮುಂದೆ ಎರಡೂ ಕಡೆಯವರು ಕೂರಬೇಕು, ಕಾಯಿಲೆ ಎಂದಿನಿಂದ ಎಂಬುದನ್ನು ಅವರ ದಾಖಲೆಯಿಂದ ತಿಳಿಯಬೇಕು, ಆಮೇಲೆ ತೀರ್ಮಾನ.

ಹಬ್ಬ ಕಳೆದ ಮೇಲಿನ ಭಾನುವಾರ. ಬೆಳಿಗ್ಗೆಯಿಂದ ಹಿಂಗಾರಿನ ಜಿಟಿಜಿಟಿ. ಎಂಟು ಗಂಟೆಗೆಲ್ಲ ಕ್ಲಿನಿಕ್ಕಿನ ಬೆಂಚುಗಳು ತುಂಬಿದ್ದವು. ಒಂದು ಕಡೆ ಅಶ್ವತ್ಥಪ್ಪ, ಅವರ ತಮ್ಮಂದಿರು, ಮಂಜುನಾಥ. ಎದುರಿಗೆ ನಾರಾಯಣಮ್ಮ ಮತ್ತು ರತ್ನ. ರತ್ನನ ಹುಬ್ಬಿನ ಮೇಲೆ ಇನ್ನೂ ಪಟ್ಟಿ ಇತ್ತು. ಯಾರೂ ಕಾಫಿ ಮುಟ್ಟಲಿಲ್ಲ.

"ಡಾಕ್ಟ್ರಮ್ಮ, ನಮ್ಮಪ್ಪನ ಕಾಲದಿಂದ ನಿಮ್ಮ ಮೇಲೆ ನಂಬ್ಕೆ ಇಟ್ಟಿದ್ದೀವಿ," ಎಂದು ಅಶ್ವತ್ಥಪ್ಪ ಶುರು ಮಾಡಿದರು. "ನಿಮ್ಮನ್ನ ಒಂದ್ ಮಾತೂ ಅನ್ನಲ್ಲ. ಆ ಕಂಪ್ಯೂಟ್ರು ತೆಗೆದು ತೋರ್ಸಿ, ಸಾಕು."

"ಅದು ರತ್ನಂದು ಅಶ್ವತ್ಥಪ್ಪ," ಎಂದರು ಡಾಕ್ಟರಮ್ಮ. "ನನ್ನ ಮೇಜಿನ ಮೇಲಿದೆ ಅಂತ ನಂದಾಗಲ್ಲ. ನಿಮ್ಮ ಸೊಸೆ ಅಂತ ನಿಮ್ದೂ ಆಗಲ್ಲ. ಅವಳು ಬೇಡ ಅಂದ್ರೆ ಪೊಲೀಸ್ರು ಬಂದ್ರೂ ನಾನಾಗೇ ತೆಗೆದು ಕೊಡಲ್ಲ."

ನಾರಾಯಣಮ್ಮ ಮಗಳ ತೋಳು ಹಿಡಿದುಕೊಂಡು, "ವದ್ದಮ್ಮಾ, ವದ್ದು," ಎಂದು ಪಿಸುಗುಟ್ಟಿದರು. ಬೇಡ, ಬೇಡ ಎಂದು.

ರತ್ನ ತಾಯಿಯ ಕೈ ಬಿಡಿಸಿಕೊಂಡಳು. "ತೆಗೀರಿ ಸರೋಜಕ್ಕ. ಮೊದಲಿಂದ ಓದಿ. ಎಲ್ಲಾನೂ ಓದಿ."

ನಾನು ಓದಲು ಕುಳಿತೆ. ಹದಿನಾಲ್ಕನೇ ವಯಸ್ಸು, ಸ್ಕೂಲಿನಲ್ಲಿ ಮೊದಲ ಸಲ. ನಾಲ್ಕು ತಿಂಗಳ ಮೇಲೆ ಎರಡನೇ ಸಲ. ಮಾತ್ರೆ ಶುರು. ಆಮೇಲೆ ಮಳೆಯಲ್ಲಿ ಬಸ್ಸು ಸಿಗದೆ ಮೂರು ದಿನ ಮಾತ್ರೆ ತಪ್ಪಿ ಮೂರನೇ ಸಲ. ಅಲ್ಲಿಂದ ಮುಂದೆ ಪ್ರತಿ ತಿಂಗಳೂ ಒಂದೇ ಸಾಲು. ಫಿಟ್ಸ್ ಇಲ್ಲ, ಮಾತ್ರೆ ತಪ್ಪಿಲ್ಲ. ಫಿಟ್ಸ್ ಇಲ್ಲ, ಮಾತ್ರೆ ತಪ್ಪಿಲ್ಲ. ಒಂದು ವರ್ಷ ಮುಗಿಯುವಷ್ಟರಲ್ಲಿ ಅಶ್ವತ್ಥಪ್ಪ, "ಗೊತ್ತಾಯ್ತು ಬಿಡಮ್ಮ, ಸಾಕು," ಎಂದರು.

"ಎಲ್ಲಾ ಓದಿ ಅಂದಿದಾಳೆ," ಎಂದೆ. ನನಗೆ ಎಲ್ಲಿಂದ ಆ ಮೊಂಡುತನ ಬಂತೋ. ಏಳು ವರ್ಷದ ತಿಂಗಳುಗಳನ್ನೆಲ್ಲ ಒಂದೂ ಬಿಡದೆ ಓದಿದೆ. ಪರೀಕ್ಷೆ ಬರೆದ ತಿಂಗಳು, ಅಪ್ಪ ತೀರಿಕೊಂಡ ತಿಂಗಳು, ಫಿಟ್ಸ್ ಇಲ್ಲ, ಮಾತ್ರೆ ತಪ್ಪಿಲ್ಲ. ಬೆಂಚಿನ ಮೇಲೆ ಕಾಲು ಅಲ್ಲಾಡಿಸುತ್ತಿದ್ದವರು ನಿಲ್ಲಿಸಿದರು. ಮದುವೆಯ ಹಿಂದಿನ ತಿಂಗಳಿಗೆ ಬಂದೆ. ಬಸಿರಿಗೆ ತೊಂದರೆಯಾಗದ ಮಾತ್ರೆಗೆ ಬದಲಾಯಿಸಿದೆ ಎಂದು ಡಾಕ್ಟರಮ್ಮ ಬರೆದಿದ್ದರು. ಅದರ ಕೆಳಗೆ ಇನ್ನೂ ಎರಡು ಸಾಲಿತ್ತು. ಟೈಪ್ ಮಾಡಿದ್ದು ನಾನೇ. ಅಂದಿನ ಅವಸರದಲ್ಲಿ ಅಕ್ಷರ ನೋಡಿದ್ದೆ, ಮಾತು ನೋಡಿರಲಿಲ್ಲ. ಈಗ ಗಟ್ಟಿಯಾಗಿ ಓದಿದೆ. "ಹುಡುಗನಿಗೆ ತಾನೇ ಹೇಳುತ್ತೇನೆ ಎನ್ನುತ್ತಾಳೆ. ನಾನೂ ಹೇಳಬೇಕೆಂದೆ. ತಾಯಿ ಒಪ್ಪಲಿಲ್ಲ. ರತ್ನ ತುಂಬ ಅತ್ತಳು."

ನಾರಾಯಣಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. "ಹೇಳಿದ್ರೆ ಯಾರಪ್ಪ ಮಾಡ್ಕೊಂಡಿರೋರು? ಅಪ್ಪ ಇಲ್ಲದ್ ಕೂಸು," ಎಂದು ಅಳುತ್ತಲೇ ಹೇಳಿದರು.

ಮದುವೆಯ ನಂತರದ ತಿಂಗಳುಗಳಲ್ಲೂ ಅದೇ ಸಾಲು. ಅದು ಮುಗಿದು ಕಂಪ್ಯೂಟರಿನ ಬರಹ ಕೊನೆಯ ಫಿಟ್ಸಿನ ದಿನಕ್ಕೆ ಹಾರುತ್ತಿತ್ತು. ನಾನು ಕುರ್ಚಿಯಿಂದ ಎದ್ದು ನಿಂತೆ. "ನಡುವೆ ಆಗಿದ್ದು ಇದ್ರಲ್ಲಿ ಬರೆದಿಲ್ಲ, ನಾನು ಹೇಳ್ತೀನಿ," ಎಂದೆ. ಎರಡು ಕಾರ್ಡು ಒಂದು ಮಾಡಿದ್ದು ನಾನು. ಎಲ್ಲರಿಗೂ ಮೆಸೇಜ್ ಕಳಿಸು ಎಂದದ್ದು ನಾನು. ಮಂಜುನಾಥ ಬಂದು ಇದೇ ಕೌಂಟರಿನಲ್ಲಿ ಕೇಳಿದಾಗ ಬೇರೆ ರತ್ನ ಎಂದದ್ದು ನಾನು. ಆ ಸುಳ್ಳನ್ನು ನಂಬಿ ಅವನು ನಕ್ಕ, ಆ ನಗು ಕೇಳಿ ಇವಳು ಹೆದರಿ ಮಾತ್ರೆ ಎಸೆದಳು. "ಏಳು ವರ್ಷ ಬೀಳ್ದೆ ಇದ್ದ ಹುಡುಗಿ ನನ್ನಿಂದ ಬಿದ್ಲು. ತಪ್ಪಾಯ್ತು ರತ್ನಾ," ಎಂದೆ. ಆಸ್ಪತ್ರೆಯಲ್ಲಿ ಬಾರದ ಮಾತು ಇಷ್ಟು ಜನರ ಮುಂದೆ ಬಂತು. ಡಾಕ್ಟರಮ್ಮ, "ನಂದೂ ಇದೆ ಅದ್ರಲ್ಲಿ," ಎಂದು ಮೆಲ್ಲಗೆ ಸೇರಿಸಿದರು.

ಅಶ್ವತ್ಥಪ್ಪ ನನ್ನನ್ನು ದಿಟ್ಟಿಸಿದರು. "ಹಂಗಾದ್ರೆ ಎಲ್ರೂ ಸೇರಿ ನಮ್ಮುಡ್ಗನ್ನ ಮಂಗ ಮಾಡಿದ್ದೀರ." ಹೌದು, ಮಾಡಿದ್ದೆವು.

ಎಲ್ಲರೂ ಮಂಜುನಾಥನ ಕಡೆ ತಿರುಗಿದರು. ಅವನು ಮೊಣಕಾಲಿನ ಮೇಲೆ ಕೈಯಿಟ್ಟು ನೆಲ ನೋಡುತ್ತಿದ್ದ. ಹೊರಗೆ ಗೌರಿಬಿದನೂರಿನ ಬಸ್ಸು ಬಂದು ನಿಂತು, ಜನ ಹತ್ತಿಸಿಕೊಂಡು ಹೊರಟುಹೋಯಿತು. ರತ್ನ ಅವನನ್ನು ನೋಡುವ ಧೈರ್ಯ ಮಾಡದೆ ಬಳೆ ತಿರುಗಿಸುತ್ತ ಕುಳಿತಿದ್ದಳು.

"ಅವತ್ತು ನೀವು ನಿಜ ಹೇಳಿದ್ರೆ ನಾನೇನ್ ಮಾಡ್ತಿದ್ನೋ ನಂಗೇ ಗೊತ್ತಿಲ್ಲ ಅಕ್ಕ," ಎಂದ ಕೊನೆಗೆ. "ಒಳ್ಳೇದೇ ಮಾಡ್ತಿದ್ದೆ ಅಂತ ಹೇಳಕ್ಕಾಗಲ್ಲ." ಅವರಪ್ಪ ಏನೋ ಹೇಳಲು ಗಂಟಲು ಸರಿ ಮಾಡಿಕೊಂಡರು. ಅಷ್ಟರಲ್ಲಿ ಅವನು ತಲೆಯೆತ್ತಿ ಡಾಕ್ಟರಮ್ಮನನ್ನು ಕೇಳಿದ.

"ಬೆಳಿಗ್ಗೆ ಮಾತ್ರೆ ತಿಂಡಿಗೆ ಮುಂಚೆನಾ, ಆಮೇಲಾ?"

ಡಾಕ್ಟರಮ್ಮ ಅವನ ಕಡೆ ಪೂರ್ತಿ ತಿರುಗಿದರು. "ತಿಂಡಿ ಆದ್ಮೇಲೆ," ಎಂದರು. "ದಿನಾ ಒಂದೇ ಹೊತ್ತಿಗೆ. ಒಂಬತ್ತು ಗಂಟೆ ದಾಟಬಾರ್ದು."

ಅವನು ಗೋಡೆಯ ಗಡಿಯಾರ ನೋಡಿದ. ಒಂಬತ್ತಕ್ಕೆ ಹತ್ತು ನಿಮಿಷವಿತ್ತು. "ನೀನು ಏನಾದ್ರೂ ತಿಂದ್ಯಾ?" ಎಂದು ರತ್ನನನ್ನು ಕೇಳಿದ. ಆ ದಿನ ಅವನು ಅವಳ ಜೊತೆ ಆಡಿದ ಮೊದಲ ಮಾತು ಅದು. ಅವಳು ಇಲ್ಲವೆಂದು ತಲೆಯಾಡಿಸಿದಳು. ಮಂಜುನಾಥ ಎದ್ದು, ಅಪ್ಪನ ಮತ್ತು ಚಿಕ್ಕಪ್ಪಂದಿರ ಕಾಲುಗಳನ್ನು ದಾಟಿಕೊಂಡು, ಮಳೆಯಲ್ಲೇ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಇಡ್ಲಿ ತರಲು ಹೋದ.